ಹುಲ್ಲಿನ ಕಟ್ಟಿನ ನಾತ್ತೋ

ಕಸಾಮಾ, ಜನವರಿ ೧೯

ಅಕ್ಕಾ,

ಕುಂಬಾರ ತೋಕುಜಿಯವರು ನಿನ್ನೆ ಮಡಕೆ ಸುಡುವ ಗೂಡು ತೆರೆದರು. ನಮ್ಮ ಸಾಕೆ ಮದ್ಯದ ಹೂಜಿಗಳಲ್ಲಿ ಒಡೆದದ್ದು ನಾಲ್ಕೇ. ಬೂದಿ ಕರಗಿ ಇಳಿದ ಕಡೆಯೆಲ್ಲ ಹಸಿರು ಬಂದಿದೆ. ಅವರ ಹೆಂಡತಿ ತೀರಿಕೊಂಡು ಮೂರು ತಿಂಗಳಾಯಿತಂತೆ. ಊಟಕ್ಕೆ ಕೂತರೆ ಎರಡು ತುತ್ತಿಗೇ ಏಳುತ್ತಾರೆ.

ಇವತ್ತು ಬೆಳಿಗ್ಗೆ, ಹುಲ್ಲಿನ ಕಟ್ಟಿನಲ್ಲಿ ಸೋಯಾ ಕಾಳಿಗೆ ಹುದುಗು ಬರಿಸಿ ತಾವೇ ಮಾಡಿದ ನಾತ್ತೋ ಬಡಿಸಿದರು.

"ತಿನ್ನು. ಮೊದಲ್ನೇ ಸಲ ಮಾಡಿದ್ದು. ಅವಳಿದ್ದಿದ್ರೆ ನಗ್ತಿದ್ಲು."

ತಿಂದೆ. ಮೂರನೇ ತುತ್ತಿಗೆ ಏನೋ ನೆನಪಾಗಿ ಅವರು ಬಟ್ಟಲು ಕಿತ್ತುಕೊಳ್ಳಲು ಬಂದರು.

"ಅಯ್ಯೋ ಪೆದ್ದ! ನೀನು ಸಾಕೆ ಮಾಡೋ ಮನೆಯವನಲ್ವೇನೋ? ನಿಮ್ಮಕ್ಕ ನಿನ್ನ ಒಳಗೆ ಬಿಟ್ಕೋತಾಳಾ?"

"ಮೂರು ತುತ್ತು ಆಗ್ಲೇ ಹೋಯ್ತಲ್ಲ. ನಾಲ್ಕನೇದಕ್ಕೆ ಅವಳೇನೂ ಹೆಚ್ಚಿಗೆ ಬೈಯಲ್ಲ ಬಿಡಿ" ಎಂದೆ.

ಹಾಗಾಗಿ ನಾಡಿದ್ದು ಸಾಕೆಯ ಅಕ್ಕಿಗೆ ಬೂಷ್ಟು ಹಿಡಿಸುವ ಕೆಲಸಕ್ಕೆ ನಾನಿರುವುದಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಇದೇ ಮೊದಲು. ನಾತ್ತೋ ತಿಂದವನ ಕೈ ಸೋಕಿ ಒಂದು ಕೋಣೆ ಅಕ್ಕಿ ಅಂಟಂಟಾಗಿ ಕೆಟ್ಟ ವರ್ಷ ಅಪ್ಪನ ಮುಖ ಹೇಗಿತ್ತೆಂದು ನಿನಗೂ ನೆನಪಿರಬೇಕು. ನನ್ನ ಬದಲು ಭಾವನವರನ್ನು ನಿಲ್ಲಿಸು. ಅವರ ಕೈ ನಿಧಾನ, ಆದರೆ ಶುದ್ಧ. ನಾನು ಒಂದು ವಾರ ಬಿಟ್ಟು, ಬಟ್ಟೆಯನ್ನೆಲ್ಲ ಕುದಿಸಿಕೊಂಡು ಬರುತ್ತೇನೆ. ನನ್ನ ಕೆಮ್ಮು ಕಡಿಮೆಯಾಗಿದೆ, ಚಿಂತಿಸಬೇಡ. ಹೂಜಿಗಳು ಮೊದಲೇ ತಲುಪುತ್ತವೆ; ಸುತ್ತಿದ ಹುಲ್ಲೂ ನಾತ್ತೋ ಕಟ್ಟಿದ ಹುಲ್ಲೇ, ಅದನ್ನು ಒಳಗೆ ತರದೆ ಹೊರಗೇ ಸುಟ್ಟುಬಿಡು.

ಬೈಯುವುದನ್ನು ನಾನು ಬರುವವರೆಗೆ ಇಟ್ಟುಕೊಂಡಿರು. ನಾಲ್ಕನೇ ತುತ್ತು ನನ್ನ ಬಾಯಿಗೆ ಹೋಗುವುದನ್ನು ನೋಡಿ, ತೋಕುಜಿಯವರು ತಮಗೆ ಎರಡನೇ ಸಲ ಅನ್ನ ಬಡಿಸಿಕೊಂಡರು.

ಅಂಚೆಯವನು ಬಾಗಿಲಲ್ಲಿದ್ದಾನೆ.

ತಮ್ಮ,
ಶುಕಿಚಿ