ಕ್ಲಬ್ಬಿನವರು ಕಳಿಸಿದರು

ಗುಬ್ಬಿ,
೧೫ ಡಿಸೆಂಬರ್ ೨೦೨೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಸಂಗಮೇಶ್ ಅವರಿಗೆ ರೂಪಶ್ರೀಯ ಶರಣು.

ಹೇಗಿದ್ದೀರಿ? ಕಲ್ಲಿಕೋಟೆಯಲ್ಲಿ ಡಿಸೆಂಬರಿನಲ್ಲೂ ಬೆವರು ಎಂದಿದ್ದಿರಿ, ನೀರು ಚೆನ್ನಾಗಿ ಕುಡಿಯಿರಿ. ಕಾಲು ಹೇಗಿದೆ? ಯಾವ ಕಾಲು ಎಂದು ನಾನು ಕೇಳುವುದಿಲ್ಲ. ಮಾವನವರ ಹತ್ತಿರ ಎಡಗಾಲು ಹಿಡಿದುಕೊಂಡಿದೆ ಎಂದಿರಿ, ಅದೇ ರಾತ್ರಿ ನನ್ನ ಹತ್ತಿರ ಬಲಗಾಲು ಎಂದಿರಿ. ಅತ್ತೆ ಮಾತ್ರ ಎರಡಕ್ಕೂ ಆಗಲಿ ಎಂದು ದೊಡ್ಡ ಬಾಟಲಿಯಲ್ಲೇ ಎಣ್ಣೆ ಕಾಯಿಸಿ ತುಂಬಿದ್ದಾರೆ. ಹಚ್ಚಿಕೊಳ್ಳಿ. ಇಲ್ಲದ ನೋವಿಗೂ ಆ ಎಣ್ಣೆ ಒಳ್ಳೆಯದೇ. ಜೊತೆಗೆ ಹುರಿಹಿಟ್ಟು, ಚಕ್ಕುಲಿ, ಕೊಬ್ಬರಿ ಮಿಠಾಯಿ ಇದೆ. ಶಿವರಾಮಯ್ಯನವರ ತೆಂಗಿನಕಾಯಿ ಲಾರಿ ಇವತ್ತು ಸಂಜೆ ನಿಮ್ಮ ಕಡೆಗೇ ಹೊರಡುತ್ತದೆ, ಕೇರಳಕ್ಕೇ ಕಾಯಿ ಹೊರುವ ಕಾಲ ಬಂತು ನೋಡಿ. ಡ್ರೈವರ್ ನಿಮ್ಮ ರೂಮಿನ ಬಾಗಿಲಿಗೇ ತಂದುಕೊಡುತ್ತಾನೆ.

ಕೈಯಲ್ಲಿ ಫೋನಿರುವಾಗ ಇವಳು ಕಾಗದ ಏಕೆ ಬರೆದಳು ಎಂದು ಹುಬ್ಬು ಏರಿಸಬೇಡಿ. ಫೋನಿನಲ್ಲಿ ಒಂದು ಮಾತು ಸ್ವಲ್ಪ ಬಿಗಿಯಾದರೆ ಸಾಕು, ನಿಮಗೆ ಕೋಚ್ ಕರೆಯುತ್ತಾರೆ. ಆ ಕೋಚಿಗೆ ನಾನು ಕೇಳುವ ಪ್ರಶ್ನೆಗಳೆಲ್ಲ ಅದು ಹೇಗೆ ಕೇಳಿಸುತ್ತವೋ ನನಗೆ ತಿಳಿಯದು. ಕಾಗದವನ್ನು ಅರ್ಧದಲ್ಲಿ ಕಟ್ ಮಾಡಲಾಗುವುದಿಲ್ಲ. ಮಡಿಸಿಟ್ಟರೂ ಮತ್ತೆ ಬಿಚ್ಚಿ ಓದುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು.

ಮಾವನವರು ಚೆನ್ನಾಗಿದ್ದಾರೆ, ಬಿ.ಪಿ. ಮಾತ್ರೆ ಮರೆಯುವುದು ಬಿಟ್ಟರೆ. ಅಮೃತೂರಿನಲ್ಲಿ ನಮ್ಮಮ್ಮನೂ ಚೆನ್ನಾಗಿದ್ದಾಳೆ. ಫೋನ್ ಮಾಡಿದಾಗಲೆಲ್ಲ ಮೊದಲ ಪ್ರಶ್ನೆ ಅದೇ, ಅಳಿಯಂದಿರು ಈ ಸಲವಾದರೂ ಹತ್ತಿರಕ್ಕೆ ಬರುತ್ತಾರೇನೆ ಎಂದು. ಕಾವ್ಯಾಗೆ ನೆಗಡಿ ಆಗಿತ್ತು, ವಾಸಿಯಾಗಿದೆ. ನರ್ಸರಿಯಲ್ಲಿ ಮಿಸ್ಸು ನಿಮ್ಮಪ್ಪ ಎಲ್ಲಿದ್ದಾರೆ ಎಂದು ಕೇಳಿದರೆ ಲೋನಲ್ಲಿದ್ದಾರೆ ಅಂದಳಂತೆ. ಮಿಸ್ಸು ಗಾಬರಿಯಾಗಿ ನನ್ನನ್ನು ಪಕ್ಕಕ್ಕೆ ಕರೆದು ಏನಾದರೂ ತೊಂದರೆ ಇದೆಯಾ ಎಂದು ವಿಚಾರಿಸಿದರು. ಇಲ್ಲ ಮೇಡಂ, ನಮ್ಮನೆಯವರು ಬೆಂಗಳೂರಿನ ಕ್ಲಬ್ಬಿನ ಆಟಗಾರ, ಗೋಲು ಹೊಡೆಯುವ ಜಾಗದಲ್ಲಿ ಆಡುತ್ತಾರೆ, ಆದರೆ ಕ್ಲಬ್ಬಿನವರು ಪ್ರತಿ ವರ್ಷ ಬೇರೆ ಊರಿನ ಟೀಮಿಗೆ ಒಂದು ಸೀಸನ್ ಮಟ್ಟಿಗೆ ಕಳಿಸುತ್ತಾರೆ, ಅದಕ್ಕೇ ಲೋನ್ ಎನ್ನುತ್ತಾರೆ ಎಂದು ವಿವರಿಸಿದೆ. ವಿವರಿಸುವಾಗ ನನ್ನ ಬಾಯಿಗೇ ಅದು ಹೊಂದುತ್ತಿರಲಿಲ್ಲ.

ಮೊದಲು ಕೊಲ್ಕತ್ತ, ಆಮೇಲೆ ಗೋವಾ, ಆಮೇಲೆ ಶಿಲ್ಲಾಂಗ್, ಈಗ ಕಲ್ಲಿಕೋಟೆ. ಪ್ರತಿ ಸಲ ಮೇ ತಿಂಗಳಲ್ಲಿ ಮನೆಗೆ ಬರುತ್ತೀರಿ. ಮುಂದಿನ ಸೀಸನ್ ಬೆಂಗಳೂರೇ, ತುಮಕೂರಿನಲ್ಲಿ ಮನೆ ಮಾಡೋಣ, ನಿನಗೂ ವಸಂತನರಸಾಪುರದ ಫ್ಯಾಕ್ಟರಿಗೆ ಹತ್ತಿರ ಆಗುತ್ತದೆ ಎನ್ನುತ್ತೀರಿ. ನಾನು ಹುಚ್ಚಿಯಂತೆ ಶಿರಾ ಗೇಟು, ಎಸ್.ಐ.ಟಿ. ಬಡಾವಣೆ ಎಲ್ಲ ಸುತ್ತಿ ಬಾಡಿಗೆ ಮನೆ ನೋಡುತ್ತೇನೆ. ಜೂನ್ ಮುಗಿಯುವುದರೊಳಗೆ ನಿಮ್ಮ ಮುಖ ಸಣ್ಣದಾಗುತ್ತದೆ. "ಕ್ಲಬ್ಬವ್ರು ಕಳಿಸ್ತಾವ್ರೆ ಕಣೇ, ನಾನೇನ್ ಮಾಡ್ಲಿ." ಮಾವನವರು ದೊಡ್ಡವರ ಮಾತು ಮೀರಬಾರದು ಎನ್ನುತ್ತಾರೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ನಾನು ನಿಮ್ಮ ಬಟ್ಟೆ ಮಡಿಸಿ ಬ್ಯಾಗಿಗೆ ತುಂಬುತ್ತೇನೆ. ಪಕ್ಕದ ಮನೆ ಮಹಾಲಿಂಗಯ್ಯನವರು ಜಗಲಿಯಲ್ಲಿ ಕೂತು "ಏನ್ ಚನ್ನವೀರಯ್ಯ, ಈ ವರ್ಸ ಮಗನ್ನ ಯಾರಿಗೆ ಎರವಲು ಕೊಟ್ಟವ್ರೆ?" ಎಂದು ಕೇಳಿ ನಗುತ್ತಾರೆ. ಆ ನಗುವಿಗಿಂತ ನನಗೆ ಆ ಕ್ಲಬ್ಬಿನ ಮೇಲೆಯೇ ಸಿಟ್ಟಿತ್ತು. ಕಾಣದ ಜನರಿಗೆ ಎಷ್ಟು ಶಾಪ ಹಾಕಿದ್ದೇನೋ ಲೆಕ್ಕವಿಲ್ಲ.

ಈಗ ಹೋದ ವಾರದ, ಏಳನೇ ತಾರೀಖು ಶನಿವಾರದ ಮ್ಯಾಚಿನ ವಿಷಯ. ನೀವು ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ಮೊನ್ನೆ ಶುಕ್ರವಾರ ರಾತ್ರಿ ಫೋನಿನಲ್ಲಿ ಅದರ ಸುದ್ದಿಯೇ ಬರದಂತೆ ಬಾಳೆಕಾಯಿ ಚಿಪ್ಸಿನ ಬಗ್ಗೆಯೇ ಮಾತಾಡಿದಿರಿ. ನಿಮ್ಮ ಈಗಿನ ಟೀಮು ನಿಮ್ಮ ಸ್ವಂತ ಕ್ಲಬ್ಬಿನ ಮೇಲೆ ಆಡಲು ಬೆಂಗಳೂರಿಗೇ ಬರುತ್ತದೆ ಎಂದು ಮಾವನವರಿಗೆ ಗೊತ್ತಾದ ದಿನವೇ ಅವರು ನಿಮಗೆ ಫೋನ್ ಮಾಡಿದ್ದರು. ಟಿ.ಟಿ. ಗಾಡಿ ಮಾಡ್ಕೊಂಡು ಎಲ್ಲ ಬರ್ತೀವಿ ಕಣಪ್ಪ ಎಂದಾಗ ನೀವು "ಆಯ್ತಪ್ಪ, ಮ್ಯಾಚೈತೆ" ಅಂದಿರಿ. ಬನ್ನಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ, ನಾನು ಆಡುತ್ತೇನೆ ಎನ್ನಲೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತಿದ್ದ ನನಗೆ ಆಗಲೇ ಏನೋ ತಟ್ಟಿತು. ಫ್ಯಾಕ್ಟರಿಯಲ್ಲಿ ನನ್ನ ಕೆಲಸವೇ ಅದಲ್ಲವೇ, ಪ್ಯಾಕೆಟ್ಟಿನ ಮೇಲೆ ಬರೆದದ್ದನ್ನು ನಂಬದೆ ತೂಕಕ್ಕಿಟ್ಟು ನೋಡುವುದು.

ಟಿ.ಟಿ. ತುಂಬ ಜನ. ಮಾವನವರು ಹೊಸ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ ಮುಂದಿನ ಸೀಟಿನಲ್ಲಿ ಕೂತರು. ಮಡಿಲಲ್ಲಿ ಶಾಲು, ಮೈಸೂರು ಪೇಟ, ಬಾಳೆಎಲೆಯಲ್ಲಿ ಸುತ್ತಿದ ಸುಗಂಧರಾಜದ ಹಾರ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೆವು. ಸ್ಟೇಡಿಯಮ್ಮಿನಲ್ಲಿ ಯಾವ ಕಡೆ ಯಾರ ಜನ ಕೂರುತ್ತಾರೆ ಎಂದು ನಮಗೇನು ಗೊತ್ತು, ಬೆಂಗಳೂರು ಕ್ಲಬ್ಬಿನ ಅಭಿಮಾನಿಗಳ ನಟ್ಟನಡುವೆ ಹೋಗಿ ಕೂತು ನಿಮ್ಮ ಫೋಟೊ ಇದ್ದ ಫ್ಲೆಕ್ಸ್ ಬಿಚ್ಚಿದೆವು. ದೊಡ್ಡ ಪರದೆಯ ಮೇಲೆ ಎರಡೂ ಟೀಮಿನ ಆಟಗಾರರ ಹೆಸರು ಬಂದವು. ನಿಮ್ಮದು ಇಲ್ಲ. ಬೇಕಾದರೆ ಇಳಿಸಲೆಂದು ಬೆಂಚಿನ ಮೇಲೆ ಕೂರಿಸುವವರ ಹೆಸರು ಬಂದವು. ಅಲ್ಲೂ ಇಲ್ಲ. ಮಹಾಲಿಂಗಯ್ಯನವರು ಗಟ್ಟಿಯಾಗಿ "ಆ ಟೀಮ್ನಾಗೂ ಇಲ್ಲ, ಈ ಟೀಮ್ನಾಗೂ ಇಲ್ಲ, ಎತ್ಲಾಗ್ ಹೋದ್ನಪ್ಪ ನಮ್ ಹುಡ್ಗ" ಎಂದರು. ನಾನು ನಿಮಗೆ ಫೋನ್ ಮಾಡಿದೆ. ಸ್ವಿಚ್ ಆಫ್.

ಪಕ್ಕದಲ್ಲಿ ಪ್ರೇಮಲತಾ ಎಂಬ ಪೀಣ್ಯದ ಹೆಂಗಸು ಕೂತಿದ್ದರು, ಆ ಕ್ಲಬ್ಬಿನ ಮ್ಯಾಚನ್ನು ಒಂದೂ ಬಿಡದವರಂತೆ. ನಮ್ಮ ಫ್ಲೆಕ್ಸ್ ನೋಡಿ ಅವರಿಗೆ ಪಾಪ ಅನ್ನಿಸಿರಬೇಕು. ಲೋನಿನ ಮೇಲೆ ಹೋದ ಆಟಗಾರ ತನ್ನ ಸ್ವಂತ ಕ್ಲಬ್ಬಿನ ವಿರುದ್ಧ ಆಡುವ ಹಾಗಿಲ್ಲ, ಕರಾರಿನಲ್ಲೇ ಹಾಗಿರುತ್ತದೆ, ನಿಮ್ಮವರು ಕಲ್ಲಿಕೋಟೆ ಬಿಟ್ಟೇ ಬಂದಿರುವುದಿಲ್ಲ ಎಂದು ಮೆತ್ತಗೆ ಹೇಳಿದರು. ನನಗೆ ನಗುವೂ ಬಂತು, ಸಮಾಧಾನವೂ ಆಯಿತು. ಆ ಸಮಾಧಾನದಲ್ಲೇ ನಾನು, ಎಂಥ ಕ್ಲಬ್ಬು ಮೇಡಂ ನಿಮ್ಮದು, ಹೆಂಡತಿ ಮಕ್ಕಳಿರುವವರನ್ನು ವರ್ಷಕ್ಕೊಂದು ಊರಿಗೆ ಎಸೆಯುತ್ತೀರಲ್ಲ ಎಂದುಬಿಟ್ಟೆ. ಅದಕ್ಕೆ ಆಕೆ ಹೀಗೆಂದರು: "ಆಟಗಾರ ಒಪ್ದೆ ಯಾರೂ ಕಳ್ಸೋಕಾಗಲ್ಲಮ್ಮ. ಹೋಗಲ್ಲ ಅಂದ್ರೆ ಇಲ್ಲೇ ಇರ್ಬೋದು. ಬೆಂಚ್ ಮೇಲೆ ಕೂರ್ಬೇಕು, ಅಷ್ಟೇ."

ಆಮೇಲೆ ಮೈದಾನದಲ್ಲಿ ಏನು ನಡೆಯಿತೋ ನಾನು ನೋಡಲಿಲ್ಲ. ಸುತ್ತಲಿನವರು ಎದ್ದು ಕೂಗುವಾಗ ನಾನೂ ಏಳುತ್ತಿದ್ದೆ, ಕೂತಾಗ ಕೂರುತ್ತಿದ್ದೆ.

ಮ್ಯಾಚ್ ಮುಗಿದ ಮೇಲೆ ಇನ್ನೊಂದು ಪಜೀತಿ. ಒಬ್ಬರ ಸನ್ಮಾನಕ್ಕೆಂದು ಕಟ್ಟಿಸಿದ ಹಾರವನ್ನು ಮನೆಗೆ ವಾಪಸ್ ತರಬಾರದು, ಒಳ್ಳೆಯದಲ್ಲ ಎಂದು ಮಾವನವರು ಹಟ ಹಿಡಿದರು. ಆಟಗಾರರು ಬಸ್ಸು ಹತ್ತುವ ಗೇಟಿನ ಹತ್ತಿರ ನಿಂತು, ಮೊದಲು ಹೊರಗೆ ಬಂದ ಎತ್ತರದ ವಿದೇಶಿ ಹುಡುಗನಿಗೆ ಹಾರ ಹಾಕಿ, ಶಾಲು ಹೊದಿಸಿ, ಪೇಟ ಇಟ್ಟೇಬಿಟ್ಟರು. ಅವನು ಬೆಂಗಳೂರು ಕ್ಲಬ್ಬಿನವನು, ಅವತ್ತು ನಿಮ್ಮ ಟೀಮಿಗೆ ಎರಡು ಗೋಲು ಹೊಡೆದವನು, ನಿಮ್ಮದೇ ಜಾಗದಲ್ಲಿ ಆಡುವವನು ಎಂದು ಗೊತ್ತಾದದ್ದು ಆಮೇಲೆ. ಪಾಪ, ಅವನು ಬಗ್ಗಿ ಮಾವನವರ ಕಾಲು ಮುಟ್ಟಲು ಹೋದ. ನಮ್ಮವರೆಲ್ಲ ಚಪ್ಪಾಳೆ ತಟ್ಟಿದರು. ವಾಪಸ್ ಬರುವಾಗ ಡಾಬಸ್‌ಪೇಟೆ ದಾಟಿದ್ದೆವು. ಅಷ್ಟು ಹೊತ್ತಿಗೆ ಮಾವನವರಿಗೆ ನಿಮ್ಮ ಫೋನ್ ಬಂತು, ಕಾಲು ಹಿಡಿದುಕೊಂಡಿತ್ತು, ಅದಕ್ಕೇ ಬರಲಾಗಲಿಲ್ಲ ಎಂದು. ಫೋನಿಟ್ಟ ಮೇಲೆ ಅವರು "ಅಲ್ಲಿ ಒಬ್ನೇ ನಳ್ಳಾಡ್ತಿರ್ತಾನೆ, ನಾವಿಲ್ಲಿ ಇಡ್ಲಿ ತಿಂದ್ವಲ್ಲ" ಎಂದು ಕಣ್ಣು ತುಂಬಿಕೊಂಡರು. ರೂಲಿನ ವಿಷಯ ನನಗೊಬ್ಬಳಿಗೇ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಅವತ್ತಿನಿಂದ ನನ್ನ ತಲೆಯಲ್ಲಿ ಇದೊಂದೇ. ಕರಾರಿನ ಪ್ರಕಾರ ನಾನು ಆಡುವಂತಿಲ್ಲ ಎಂದು ನೀವು ಹೇಳಿದ್ದರೆ ಮುಗಿದಿತ್ತು, ನಿಮ್ಮ ಮರ್ಯಾದೆಗೇನೂ ಕಮ್ಮಿಯಿರಲಿಲ್ಲ. ಅಂಥ ಗಟ್ಟಿ ಕಾರಣ ಇರುವಾಗ ಇಲ್ಲದ ಕಾಲುನೋವು ಏಕೆ ತಂದಿರಿ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕರಾರು ಎಂಬ ಮಾತು ಎದ್ದರೆ ಅದಕ್ಕೆ ಒಪ್ಪಿದವರು ಯಾರು ಎಂಬ ಮಾತೂ ಏಳುತ್ತದೆ ಎಂದು ಹೆದರಿದಿರಿ. ಬೇರೆ ಹೆಂಗಸರ ವಿಷಯ ನನ್ನ ಮನಸ್ಸಿಗೆ ಬರಲಿಲ್ಲ ಎನ್ನಲಾರೆ. ಒಂದು ರಾತ್ರಿ ಬಂತು. ಬೆಳಿಗ್ಗೆ ಮುಖ ತೊಳೆಯುವಾಗ ಅದನ್ನೂ ತೊಳೆದುಕೊಂಡೆ. ನನಗೆ ಅದಕ್ಕಿಂತ ದೊಡ್ಡ ಅನುಮಾನ ಬೇರೆ ಇದೆ.

ನಮ್ಮ ಮದುವೆಯಾದ ವರ್ಷ ನೀವು ಬೆಂಗಳೂರಿನಲ್ಲೇ ಇದ್ದಿರಿ. ಮಾವನವರು ಪ್ರತಿ ಮ್ಯಾಚಿಗೂ ಊರಿನ ಜನ ಕಟ್ಟಿಕೊಂಡು ಬರುತ್ತಿದ್ದರು. ನೀವು ಬೆಂಚಿನ ಮೇಲೆ ಕೂತಿರುತ್ತಿದ್ದಿರಿ. ನಿಮ್ಮ ಜೆರ್ಸಿ ಒಗೆಯುವ ಕೆಲಸವೇ ನನಗಿರಲಿಲ್ಲ. ಒಂದು ಸಲ ಗೇಟಿನ ಹತ್ತಿರ ಮಹಾಲಿಂಗಯ್ಯನವರು ಎಲ್ಲರ ಮುಂದೆ "ಇಸ್ತ್ರಿನೂ ಮುದುಡಿಲ್ವಲ್ಲೋ" ಎಂದು ನಿಮ್ಮ ತೋಳು ಮುಟ್ಟಿ ನೋಡಿದರು. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಆ ಸೀಸನ್ ಮುಗಿಯುತ್ತಲೇ ಮೊದಲನೇ ಸಲ ಕ್ಲಬ್ಬಿನವರು ನಿಮ್ಮನ್ನು ಕಳಿಸಿದರು, ಟಿ.ಟಿ. ಮುಟ್ಟಲಾರದ ಊರಿಗೆ.

ಊರಿನವರ ಕಣ್ಣೆದುರು ಬೆಂಚಿನ ಮೇಲೆ ಕೂರಲಾರದೆ ನೀವೇ ಒಪ್ಪಿ ಹೋದಿರಿ ಎಂಬ ನನ್ನ ಊಹೆ ತಪ್ಪಿದ್ದರೆ ಬೈಯಿರಿ, ಬೈಸಿಕೊಳ್ಳುತ್ತೇನೆ. ಸರಿಯಿದ್ದರೆ ನನ್ನ ಸಂಕಟ ಕೇಳಿ. ಆಡಬೇಕೆಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಕಾಲಲ್ಲಿ ಕಸುವಿರುವುದು ಇನ್ನೆಷ್ಟು ವರ್ಷ, ಕೂತು ಕಳೆಯಲು ಯಾರಿಗೆ ಮನಸ್ಸು ಬರುತ್ತದೆ. ದೂರ ಹೋಗಿಯಾದರೂ ಆಡುತ್ತೇನೆ ಕಣೇ, ನೀನು ಸ್ವಲ್ಪ ತಡೆದುಕೋ ಎಂದು ಒಂದು ಮಾತು ಕೇಳಿದ್ದರೆ ನಾನೇ ಬ್ಯಾಗ್ ಕಟ್ಟಿ ರೈಲು ಹತ್ತಿಸುತ್ತಿದ್ದೆ. ಆದರೆ ನೀವು ನಮ್ಮನ್ನು ಬಿಟ್ಟು ಹೋದದ್ದೂ ಅಲ್ಲದೆ, ನಿಮ್ಮನ್ನು ಯಾರೋ ಎಳೆದುಕೊಂಡು ಹೋದರು ಎಂದು ನಮ್ಮಿಂದ ಅಳಿಸಿಕೊಂಡಿರಿ. ಅತ್ತೆ ಪ್ರತಿ ಜೂನಿನಲ್ಲಿ ಅತ್ತದ್ದು ಯಾತಕ್ಕೆ ಎಂದು ನೆನೆದರೆ ನನಗೆ ನಿಮ್ಮ ಮೇಲೆ ಬಹಳ ಕೋಪ ಬರುತ್ತದೆ. ಕೋಪ ಇಳಿದ ಮೇಲೆ ಮನೆ ಬಿಕೋ ಎನ್ನುತ್ತದೆ.

ಅತ್ತೆ ಎರಡು ಸಲ ಬಂದು ನೋಡಿದರು, ಗಂಡನಿಗೆ ಅದೇನು ಅಷ್ಟುದ್ದ ಬರೆಯುತ್ತಿದ್ದಾಳೆ ಎಂದು. ಗಂಡನ ಹೆಸರು ಬರೆದಳೆಂದು ಬೈಯದಿರಲಿ ಎಂದು ನಿಮ್ಮ ಹೆಸರಿದ್ದ ಕಡೆ ಕೈ ಅಡ್ಡ ಇಟ್ಟೆ. ಮಾವನವರು, ಅತ್ತೆ ಇಬ್ಬರೂ ಆಶೀರ್ವಾದ ತಿಳಿಸಿದ್ದಾರೆ. ಚನ್ನಬಸವೇಶ್ವರ ನಿಮ್ಮ ಎರಡೂ ಕಾಲನ್ನು ಕಾಪಾಡಲಿ. ಕಾವ್ಯಾ ಮೂಲೆಯಲ್ಲಿ ಏನೋ ಗೀಚಿದ್ದಾಳೆ, ಚೆಂಡಂತೆ.

ಇಂತಿ ನಿಮ್ಮ,
ರೂಪಶ್ರೀ

ಮರೆತ ಮಾತು: ಲಾರಿ ಬಂದು ಹಾರನ್ ಹೊಡೆಯುತ್ತಿದೆ, ಮಾವ ಡಬ್ಬಿಗೆ ಹಗ್ಗ ಬಿಗಿಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಶುಕ್ರವಾರ ಮಧ್ಯಾಹ್ನ ಫ್ಯಾಕ್ಟರಿಯಲ್ಲಿ ಊಟಕ್ಕೆ ಕೂತಾಗ ನಿಮ್ಮ ಬೆಂಗಳೂರು ಕ್ಲಬ್ಬಿನ ಆಫೀಸಿನಿಂದ ನನಗೇ ಫೋನ್ ಬಂತು. ಜನವರಿಗೆ ನಿಮ್ಮನ್ನು ವಾಪಸ್ ಕರೆಸಿಕೊಳ್ಳುವ ಯೋಚನೆ ಇದೆಯಂತೆ. ಸೋಮವಾರವೇ ನಿಮ್ಮ ಮನಸ್ಸು ಕೇಳಿದರಂತೆ. "ಮನೇಲಿ ಒಪ್ತಾರೋ ಇಲ್ವೋ ಕೇಳಿ ಹೇಳ್ತೀನಿ" ಎಂದಿರಂತೆ. ವಾರವಾಗುತ್ತಾ ಬಂತು, ಮನೇಲಿ ಏನಂತೀರಿ ಮೇಡಂ ಎಂದು ಆಫೀಸಿನ ಹುಡುಗಿ ಕೇಳಿದಳು. ಅವತ್ತೇ ರಾತ್ರಿ ನೀವು ನನ್ನೊಡನೆ ಮಾತಾಡಿದ್ದು ಚಿಪ್ಸು. ನಮಗೆ ಕ್ಲಬ್ಬಿನವರ ಹೆಸರು ಹೇಳುತ್ತೀರಿ, ಕ್ಲಬ್ಬಿನವರಿಗೆ ನಮ್ಮ ಹೆಸರು ಹೇಳುತ್ತೀರಿ. ನಾನು ಅವಳಿಗೆ ಉತ್ತರ ಕೊಟ್ಟಿದ್ದೇನೆ. ಮನೆಯವರೆಲ್ಲ ಒಪ್ಪಿದ್ದಾರೆ, ಬೆಂಚಿನ ಮೇಲೆ ಕೂತರೂ ಒಪ್ಪಿದ್ದಾರೆ ಎಂದೆ. ಇನ್ನು ಉಳಿದಿರುವುದು ನೀವೊಬ್ಬರೇ. ಬರಲ್ಲ ಎಂದರೂ ಕೇಳಿಸಿಕೊಳ್ಳುತ್ತೇನೆ, ಆದರೆ ಅದನ್ನು ನಿಮ್ಮ ಬಾಯಿಂದಲೇ ಹೇಳಿ.