ಸೃಷ್ಟಿಯ ಅರ್ಜಿ, ನನ್ನ ಡಬ್ಬಿಗಳು

೬ ಜುಲೈ ೨೦೦೯, ಸಂಜೆ

ಉಪ್ಪಿನ ಗಂಟು ಮತ್ತೆ ನೀರೊಡೆದಿತ್ತು. ಬಿಚ್ಚಿ, ಹೊಸ ಅರಿವೆಯಲ್ಲಿ ನಾಲ್ಕು ಹರಳು ಕಟ್ಟಿ ಡಬ್ಬಿಯ ಹಿಡಿಕೆಗೆ ಬಿಗಿದೆ. ಮಳೆಗಾಲ ಮುಗಿಯುವವರೆಗೂ ಇದೇ ಹಾಡು. ಜೀರಿಗೆ, ಸಾಸಿವೆ, ಕಡಲೆ, ಸಕ್ಕರೆ... ಡಬ್ಬಿಯ ಒಳಗೆ ಏನಿದೆಯೋ ಅದರದೇ ಒಂದು ಚಿಟಿಕೆ ಹೊರಗೆ ಗಂಟು. ಸೃಷ್ಟಿ ಐದು ವರ್ಷದವಳಿದ್ದಾಗಿನಿಂದ ಕಟ್ಟುತ್ತಿದ್ದೇನೆ. ಹುಟ್ಟಿನಿಂದ ಕಣ್ಣಿಲ್ಲದ ಮೊಮ್ಮಗಳು. ಈಗ ಇಪ್ಪತ್ತೆರಡು. ಮುಟ್ಟಿ, ಮೂಸಿ, ನನಗಿಂತ ಛಲೋ ಒಗ್ಗರಣೆ ಹಾಕುತ್ತಾಳೆ. ಅವಳ ಮುಂದೆ ಇದನ್ನು ಹೇಳಿಲ್ಲ. ಹೇಳುವುದೂ ಇಲ್ಲ.

ಮಧ್ಯಾಹ್ನ ಅವಳು ಕಂಪ್ಯೂಟರ್ ಕಲಿತ ಸಾಲಿಯಿಂದ ಫೋನು. ಧಾರವಾಡದ ಒಂದು ಸರ್ಕಾರಿ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಹುದ್ದೆ. ಒಂದೇ ಒಂದು. ಕಣ್ಣಿಲ್ಲದವರಿಗೇ ಮೀಸಲು. ಅರ್ಜಿ ಮಾತ್ರ ಕಚೇರಿಯ ವೆಬ್‌ಸೈಟಿನಲ್ಲೇ ತುಂಬಬೇಕಂತೆ. ಜುಲೈ ೩೧ ಕೊನೆ.

ಹುಡುಗಿ ಎರಡು ಸಲ ಜಡೆ ಹಾಕಿಕೊಂಡಳು. ಖುಷಿಯಾದರೆ ಹಾಗೇ.

೮ ಜುಲೈ

ಮಗ ಮೈಲಾರಿ ತಾರಿಹಾಳದ ಕಾರ್ಖಾನೆಯಿಂದ ಹಳೇ ಕಂಪ್ಯೂಟರು ತಂದಿದ್ದಾನಲ್ಲ, ಅದು ಪರದೆಯ ಮೇಲಿದ್ದದ್ದನ್ನು ಅವನ ಮಗಳು ಸೃಷ್ಟಿಗೆ ಓದಿ ಹೇಳುತ್ತದೆ. ದನಿ ನೆಗಡಿಯಾದ ಮಾಸ್ತರದು. ಇವತ್ತು ಮಾಸ್ತರನ ಬುದ್ಧಿಯೂ ಕೆಟ್ಟಿತು. ಅರ್ಜಿ ತೆರೆದರೆ — ಎಡಿಟ್. ಎಡಿಟ್. ಎಡಿಟ್. ಬೇರೆ ಮಾತಿಲ್ಲ.

"ಏನದು, ಭಜನಿಗೆ ಕುಂತೈತೇನು?" ಎಂದೆ.

"ತುಂಬೋ ಖಾನಿ ಅದಾವು ಆಯಿ. ಹೆಸರು ಎಲ್ಲಿ ಬರೀಬೇಕು, ಊರು ಎಲ್ಲಿ ಬರೀಬೇಕು, ಕಣ್ಣಿದ್ದವರಿಗೆ ಬಾಜೂಕ ಕಾಣತೈತಿ. ಈ ಮಷಿನ್ನಿಗೆ ತಿಳಿಯೋಹಂಗ ಒಂದಕ್ಕೂ ಹೆಸರು ಕೊಟ್ಟಿಲ್ಲ."

ಕಣ್ಣಿಲ್ಲದವರಿಗೇ ಇಟ್ಟ ಹುದ್ದೆ. ಕಣ್ಣಿದ್ದವರಿಗಷ್ಟೇ ತಿಳಿಯುವ ಅರ್ಜಿ. ಊಟಕ್ಕೆ ಕರೆದು ಒಳಗಿನಿಂದ ಚಿಲಕ ಹಾಕಿಕೊಂಡಂತೆ.

ಕಚೇರಿಗೆ ಇ-ಮೇಲ್ ಬರೆದಳು.

೧೪ ಜುಲೈ

ಉತ್ತರ ಬಂತು. ಮಾಸ್ತರ "ಗ್ರಾಫಿಕ್" ಎಂದು ಸುಮ್ಮನಾದ. ನಾನೇ ಎದ್ದು ಹೋಗಿ ನೋಡಿದೆ. ಕಾಗದದ ಮೇಲೆ ಬರೆದು, ಸಹಿ ಮಾಡಿ, ದುಂಡು ಸಿಕ್ಕಾ ಒತ್ತಿ, ಅದರ ಫೋಟೋ ಕಳಿಸಿದ್ದಾರೆ ಪುಣ್ಯಾತ್ಮರು. ಕಣ್ಣಿಲ್ಲದ ಹುಡುಗಿಗೆ! ಸಿಕ್ಕಾ ಮಾತ್ರ ಬಲು ಚಂದ ಬಿದ್ದಿತ್ತು.

ಶಿರಗುಪ್ಪಿಯ ಸಾಲಿಯಲ್ಲಿ ನಾಲ್ಕು ಇಯತ್ತೆ ಕಲಿತವಳು ನಾನು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. 'ತಮ್ಮ ದೂರನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.' ಕೆಳಗೆ ಬಿಂದುಮಾಧವ ಎಂಬ ಸಾಹೇಬರ ಹೆಸರು.

ಸೃಷ್ಟಿ ನಕ್ಕಳು. ನನಗೆ ನಗು ಬರಲಿಲ್ಲ.

೨೦ ಜುಲೈ

ಸೂಕ್ತವೂ ಇಲ್ಲ, ಕ್ರಮವೂ ಇಲ್ಲ. ತಡೆಯಲಾಗಲಿಲ್ಲ — ತಪ್ಪು ಮಾಡಿದೆ. ಅವಳು ಬಚ್ಚಲಲ್ಲಿದ್ದಾಗ ಟ್ರಂಕಿನಿಂದ ಮಾರ್ಕ್ಸ್ ಕಾರ್ಡು ತೆಗೆದೆ. ಓಣಿಯ ಮೂಲೆಯಲ್ಲಿ ವಿನೋದನ ಸೈಬರ್ ಕೆಫೆ ಇದೆ, ಅವನ ಕಡೆಯಿಂದ ತುಂಬಿಸಿ ಬಿಡೋಣ ಎಂದು. ಟ್ರಂಕಿನ ಕೊಂಡಿ ಕಿರ್ ಎಂದಿತು.

"ಎಲ್ಲಿಗೆ ಒಯ್ಯಾಕತ್ತೀ ಆಯಿ?" ಬಚ್ಚಲಿನಿಂದಲೇ.

"ವಿನೋದನ ಕಡೆ. ಹತ್ತು ಮಿನಿಟಿನ ಕೆಲಸ. ದಿನಾ ಎಲ್ಲಿ ಉಳದಾವು?"

"ಅರ್ಜಿ ಅವ ತುಂಬಲಿ. ನಾಳೆ ಕೆಲಸಕ್ಕ ಯಾರು ಹೋಗೋರು, ನೀನು?"

ಮಾರ್ಕ್ಸ್ ಕಾರ್ಡು ತಿರುಗಿ ಟ್ರಂಕಿನಲ್ಲಿಟ್ಟೆ. ಕೊಂಡಿ ಮತ್ತೆ ಕಿರ್ ಎಂದಿತು.

೨೨ ಜುಲೈ

ಮಾತು ಬಿಟ್ಟಿದ್ದಾಳೆ. ಬಡಿಸುತ್ತಾಳೆ, ಬೇಕೇ ಎಂದು ಕೇಳುವುದಿಲ್ಲ. ರೊಟ್ಟಿಯ ಮೇಲೆ ರೊಟ್ಟಿ ಬೀಳುತ್ತದೆ. ಇಷ್ಟು ಸೆಡವು ಎಲ್ಲಿಂದ ಬಂತೋ. "ನಿನ್ನಿಂದನ ಬಂದೈತಿ ಯವ್ವಾ," ಎಂದ ಮೈಲಾರಿ. ಅವನಿಗೂ ಒಂದು ರೊಟ್ಟಿ ಹೆಚ್ಚಿಗೆ ಬಿತ್ತು.

ಸಂಜೆ ಕಚೇರಿಯಿಂದ ಫೋನು: ಎಲ್ಲ ಖಾನೆಗೂ ಹೆಸರು ಕೊಟ್ಟಾಯಿತು. ಓಡಿ ಹೋಗಿ ತೆರೆದಳು. ಖಾನೆ ಒಂದು. ಖಾನೆ ಎರಡು. ಖಾನೆ ಮೂರು... ಹದಿನೆಂಟರವರೆಗೆ ಮಗ್ಗಿ. ಕಂಪ್ಯೂಟರು ಆರಿಸಿ ಕುಳಿತಳು. ಬೆನ್ನು ನನ್ನ ಕಡೆ. ಆ ಬೆನ್ನು ಬಾಗಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಡಬ್ಬಿ ಮೂರು ತೆಗೆದು ಚೀಲಕ್ಕೆ ಹಾಕಿದೆ.

೨೪ ಜುಲೈ

"ಧಾರವಾಡಕ್ಕ ನಡಿ. ನೀ ಮಾತಾಡು. ನಾ ಚೀಲ ಹಿಡಕೊಂಡು ಸುಮ್ಮ ಕುಂದರತೇನಿ," ಎಂದೆ. ನಂಬಲಿಲ್ಲ, ಆದರೂ ಬಂದಳು.

ಬಿಂದುಮಾಧವ ಸಾಹೇಬರು ಕೆಟ್ಟವರಲ್ಲ. ಕೂಡ್ರಿಸಿದರು, ಚಹಾ ತರಿಸಿದರು. "ಎಲ್ಲಾ ಖಾನಿಗೂ ಹೆಸರು ಕೊಟ್ಟೇವಲ್ಲಾ, ತಂಗಿ?"

"ಅವು ಹೆಸರಲ್ಲರಿ ಸರ್, ನಂಬರು. ಖಾನಿ ಏಳರಾಗ ನಾ ಏನು ಬರೀಲಿ? ಹೊರಗ ಏನು ಬರದೀರಿ, ಅದನ್ನ ಮಷಿನ್ನಿಗೂ ಹೇಳ್ರಿ."

"ಅದೆಲ್ಲಾ ವ್ಯಾಳ್ಯಾ ಹಿಡೀತದ. ಅಜ್ಜಿ ಇದ್ದಾರಲ್ಲಾ, ಬಾಜೂಕ ಕೂತು ತುಂಬಿಸಿದ್ರ ಮುಗೀತು."

ಸುಮ್ಮನಿರುತ್ತೇನೆ ಎಂದಿದ್ದೆ. ಅಲ್ಲಿಯವರೆಗೆ ಇದ್ದೆನಲ್ಲ, ಅದೇ ದೊಡ್ಡದು. ಅಷ್ಟರಲ್ಲಿ ಚಹಾ ಸಪ್ಪಗಿದೆ ಎಂದು ಸಾಹೇಬರು ಗೊಣಗಿದರು. ದೇವರೇ ಮಾತು ಎತ್ತಿಕೊಟ್ಟಂತಾಯಿತು. ಮೂರು ಡಬ್ಬಿ ಮೇಜಿನ ಮೇಲಿಟ್ಟೆ. ಗಂಟು ಮೊದಲೇ ಬಿಚ್ಚಿದ್ದೆ.

"ಕಣ್ಣ ಮುಚ್ಚರಿ ಸಾಹೇಬರ. ಇದು ಡಬ್ಬಿ ಒಂದು. ಇದು ಎರಡು. ಇದು ಮೂರು. ಎಲ್ಲಾಕ್ಕೂ ಹೆಸರು ಕೊಟ್ಟೇನಿ. ಈಗ ಸಕ್ಕರಿ ಹಾಕ್ಕೋರಿ."

"ಸಕ್ಕರಿ ಯಾವುದರಾಗ ಅದರೀ?"

"ಅದನ್ನ ಈ ಹುಡುಗಿ ಎರಡು ವಾರದಿಂದ ಕೇಳಾಕತ್ತಾಳ್ರಿ."

ಕಚೇರಿಗೆ ಕಚೇರಿಯೇ ನಕ್ಕಿತು. ಸಾಹೇಬರು ಹಟಮಾರಿ — ಕಣ್ಣು ತೆರೆಯಲಿಲ್ಲ. ಎರಡನೇ ಡಬ್ಬಿಯಿಂದ ಒಂದು ಚಮಚ ಹಾಕಿ, ಕಲಕಿ, ಕುಡಿದರು. ಆ ಮುಖ! ಉಪ್ಪು.

ಗಂಟುಗಳನ್ನು ತಿರುಗಿ ಕಟ್ಟಿ, "ಈಗ ಮುಟ್ಟಿ ನೋಡ್ರಿ," ಎಂದೆ. ಮುಟ್ಟಿದರು. ಮೂಸಿದರು. "ಇದು ಜೀರಿಗಿ... ಇದು ಹರಳುಪ್ಪು... ಇದೇ ಸಕ್ಕರಿ." ಕಣ್ಣು ತೆರೆದವರು ನನ್ನನ್ನು ನೋಡಲಿಲ್ಲ, ಸೃಷ್ಟಿಯನ್ನು ನೋಡಿದರು. ವೆಬ್‌ಸೈಟು ನೋಡಿಕೊಳ್ಳುವ ಎಂಜಿನಿಯರ್ ಅತುಲನನ್ನು ಕರೆದು, "ಇವರು ಹೇಳಿದಹಂಗ ಮಾಡ್ರಿ," ಎಂದರು.

ಎರಡು ತಾಸು. ಅವಳು ಹೇಳುವುದು, ಅವನು ತಿದ್ದುವುದು. "ಹೌದ್ರೀ ಮೇಡಂ, ಆತರೀ ಮೇಡಂ." ಮೇಡಂ! ಗೋಡೆಯ ಕಡೆ ಮುಖ ಮಾಡಿ ಕುಳಿತೆ. ಕಣ್ಣಿಗೆ ಏನೋ ಬಿದ್ದಿತ್ತು.

ಬಸ್ಸಿನಲ್ಲಿ: "ಮಾತಾಡಂಗಿಲ್ಲ ಅಂದಿದ್ದಿ."

"ನಾ ಎಲ್ಲಿ ಮಾತಾಡಿದೆ? ಡಬ್ಬಿ ಮಾತಾಡಿದುವು."

ಹೆಗಲ ಮೇಲೆ ತಲೆ ಇಟ್ಟಳು. ನವಲೂರಿನಿಂದ ಹುಬ್ಬಳ್ಳಿವರೆಗೂ ತೆಗೆಯಲಿಲ್ಲ. ಹೆಗಲು ಜೋಮು ಹಿಡಿಯಿತು. ಅಲುಗಲಿಲ್ಲ.

೨೯ ಜುಲೈ, ಸಂಜೆ ೬

ಅತುಲ ತಿದ್ದಿದ ಅರ್ಜಿ ಇವತ್ತು ವೆಬ್‌ಸೈಟಿನಲ್ಲಿ ತೆರೆಯಿತು. ಅರ್ಜಿದಾರರ ಹೆಸರು. ತಂದೆಯ ಹೆಸರು. ಹುಟ್ಟಿದ ದಿನ. ನೆಗಡಿಯ ಮಾಸ್ತರ ಒಂದೊಂದೇ ಹೇಳುತ್ತಾ ಹೋದ, ಅವಳು ತುಂಬುತ್ತಾ ಹೋದಳು. ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದೆ. ಮೈಲಾರಿ ನೋಡಲು ಬಗ್ಗಿದ. "ಕೈ ಹಚ್ಚೀದಿ ಅಂದ್ರ ನೋಡು!" ಅಂಗಿ ಹಿಡಿದು ಜಗ್ಗಿದೆ. ಅವನ ಅಂಗಿ ತುಂಬ ಹಿಟ್ಟು.

ಕೊನೆಯ ಖಾನೆ. 'ಅರ್ಜಿ ತುಂಬಲು ಸಹಾಯ ಮಾಡಿದವರ ಹೆಸರು.'

ಬೆರಳು ನಿಂತವು. ನನ್ನ ಕಡೆ ಮುಖ ತಿರುಗಿಸಿದಳು. ಟಕ ಟಕ ಎಂದು ಬರೆದಳು. ಮಾಸ್ತರ ಓದಿದ: ಯಾರೂ ಇಲ್ಲ.

"ಸಿಟ್ಟು ಬಂತೇನು ಆಯಿ?"

"ಸಿಟ್ಟು ಯಾಕ? ಖರೇನ ಬರದೀದಿ. ಲಗೂ ಕಳಸು."

ಕಳಿಸಿದಳು. 'ಅರ್ಜಿ ಸ್ವೀಕರಿಸಲಾಗಿದೆ' — ಇದನ್ನೂ ಅವಳ ಕಿವಿಯೇ ಮೊದಲು ಕೇಳಿತು.

ಬಾಜೂಮನಿ ಫಕೀರವ್ವನಿಗೆ ಹೇಳಿ ಬಂದೆ — ಅರ್ಜಿಯಲ್ಲಿ ನನ್ನ ಹೆಸರಿಲ್ಲ, ಯಾರ ಹೆಸರೂ ಇಲ್ಲ. "ಅಯ್ಯ, ಪಾಪ," ಎಂದಳು. ದಡ್ಡಿ. ನಾಳೆ ಬಿಡಿಸಿ ಹೇಳಬೇಕು.

ಒಲೆಯ ಮುಂದೆ ಹೋದಳು ಸೃಷ್ಟಿ. ಡಬ್ಬಿಯ ಸದ್ದು. ಸಾಸಿವೆ ಚಟಪಟ ಎಂದಿತು. ಈಗ ಜೀರಿಗೆ... ಘಮ ಬಂತು. ಇವತ್ತಾದರೂ ಅವಳಿಗೆ ಹೇಳಿಬಿಡಲೇ, ನನಗಿಂತ ಛಲೋ ಒಗ್ಗರಣೆ ನಿನ್ನದು ಎಂದು?