ಕೈಯ ಶೂ

ಮಾರ್ಚ್ ೩, ಬೆಳಿಗ್ಗೆ ೭
ಕಾಫಿ ಆಯಿತು. ತೊಗಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಅಮ್ಮ, ನಾನು ಕೈಗವಸು ಹೊಲಿಯುತ್ತಿದ್ದ ಫ್ಯಾಕ್ಟರಿ ಮುಚ್ಚಿ ಮೂವತ್ತು ವರ್ಷ, ಆದರೂ ವಾರಕ್ಕೊಂದು ಜೊತೆ ಕೈಗವಸು ಹೊಲಿಯದಿದ್ದರೆ ಸಮಾಧಾನವಿಲ್ಲ. ಮ್ಯೂಸಿಯಂಗೆ ಹೋಗಬೇಕು. ಅಮ್ಮ ಹೊಲಿದ ಕೊನೆಯ ಜೊತೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ.

ಅದೇ ದಿನ, ಸಂಜೆ
ಮೈಯೆಲ್ಲ ಉರಿಯುತ್ತಿದೆ. ಪೆಟ್ಟಿಗೆಯ ಮೇಲೆ ಇಷ್ಟಗಲ ಬೋರ್ಡು: “ಹಾಂಡ್‌ಶೂ — ಕೈಯ ಶೂ! ಹೊಸ ಹೆಸರು ಹುಟ್ಟಿಸುವಷ್ಟು ತಲೆ ನಮ್ಮ ಹಿರಿಯರಿಗೆ ಇರಲಿಲ್ಲ.” ಕೈಗವಸಿಗೆ ನಮ್ಮ ಜರ್ಮನ್‌ನಲ್ಲಿರುವ ಹೆಸರೇ ಹಾಂಡ್‌ಶೂ, ಅದನ್ನೇ ಆಡಿಕೊಂಡಿದ್ದಾರೆ. ಅಮ್ಮನ ಹೆಸರು ಎಲ್ಲೂ ಇಲ್ಲ.
“ಇದನ್ನ ತೆಗೀರಿ” ಅಂದೆ.
ಮ್ಯೂಸಿಯಂ ನೋಡಿಕೊಳ್ಳುವ ಡಾಕ್ಟರ್ ವೆನ್ಸ್‌ಲಾವ್ ನಕ್ಕರು. “ಫ್ರೌ ಊಲಿಗ್, ತಮಾಷೆಗೆ ರೀ. ಟೂರಿಸ್ಟುಗಳು ಫೋಟೋ ತೆಗೀತಾರೆ. ಹೊಲಿಗೆ ನಿಮಗೆ ಗೊತ್ತು, ಪದ ನಮಗೆ ಬಿಡಿ.”
ಬಿಡ್ತೀನಾ?

ಮಾರ್ಚ್ ೬
ಲೈಬ್ರರಿ. ದಪ್ಪ ನಿಘಂಟು, ಸಣ್ಣ ಅಕ್ಷರ... ಪದಕ್ಕೆ ಸಾವಿರ ವರ್ಷ ದಾಟಿದೆ. ‘ಶೂ’ ಅನ್ನುವುದರ ಬೇರು ‘ಮುಚ್ಚು’ ಇರಬಹುದಂತೆ. ಇರಬಹುದು — ಪಂಡಿತರು ಅಷ್ಟೇ ಹೇಳುತ್ತಾರೆ. ನನಗೆ ಅಷ್ಟು ಸಾಕು. ಕಾಲನ್ನು ಮುಚ್ಚಿ ಕಾಯುವುದು ಶೂ, ಕೈಯನ್ನು ಮುಚ್ಚಿ ಕಾಯುವುದು ಹಾಂಡ್‌ಶೂ. ಇದರಲ್ಲಿ ಪೆದ್ದತನ ಎಲ್ಲಿದೆ?
ಪಕ್ಕದ ಮನೆ ಟ್ರೌಡೆಲ್ ಕೇಳಿದಳು: “ಏನೇ, ಒಂದು ಬೋರ್ಡಿಗೆ ಇಷ್ಟು ರಂಪಾನಾ?”
“ಹೂಂ ಕಣೇ. ಅಮ್ಮನ ತಲೆ ಮೇಲೆ ನೇತುಹಾಕಿದ್ದಾರೆ.”

ಮಾರ್ಚ್ ೧೪, ಮಧ್ಯಾಹ್ನ
ಉದ್ಘಾಟನೆ. ಮೇಯರ್, ಕೇಕು, ಊರಿನ ಅರ್ಧ ಜನ. ಬೋರ್ಡು ಹಾಗೇ ಇದೆ. ಮರದ ಎರಡು ಕೈಗಳಿಗೆ ಅಮ್ಮನ ಗವಸು ತೊಡಿಸಿದ್ದಾರೆ. ಬಗ್ಗಿ ನೋಡಿದೆ... ಕೈಯ ಬೆನ್ನಿಗೆ ಬರಬೇಕಾದ ಮೂರು ಸಾಲು ಹೊಲಿಗೆ ಅಂಗೈಗೆ ಬಂದಿದೆ! ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ನಾವು ಹೊಲಿಗೆಗೆ ಸೇರಿದ ಮೊದಲ ದಿನ ಕಲಿಯುತ್ತಿದ್ದದ್ದೇ ಅದು.
ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದೆ. “ಡಾಕ್ಟ್ರೇ, ಯಾರ್ರೀ ಇದನ್ನ ತೊಡಿಸಿದ್ದು?”
“ನಾನೇ. ಯಾಕೆ?”
“ನಾಳೆ ಎಡಗಾಲಿನ ಶೂ ಬಲಗಾಲಿಗೆ ಹಾಕ್ಕೊಂಡು ಬನ್ನಿ. ಆಮೇಲೆ ತಲೆ ಯಾರಿಗಿಲ್ಲ ಅಂತ ಮಾತಾಡೋಣ.”
ಮೇಯರಿಗೆ ಕೇಕು ನೆತ್ತಿಗೇರಿತು. ಡಾಕ್ಟರ ಮುಖ ಕೆಂಪಾಯಿತು. “ಸರಿ ಮಾಡ್ಕೊಡಿ, ಫ್ರೌ ಊಲಿಗ್.”
“ಮೊದ್ಲು ಬೋರ್ಡು.”
ಇಳಿಸಿದರು. ಅವರ ಕೈಯಾರೆ.

ಸಂಜೆ ೬
ಬೋರ್ಡು ನನ್ನ ಅಡುಗೆಮನೆ ಮೇಜಿನ ಮೇಲಿದೆ. ಹಿಂಬದಿ ಖಾಲಿ. ನೀವೇ ಬರೀರಿ ಅಂದಿದ್ದಾರೆ. ಬರೆದೆ: “ಹಾಂಡ್‌ಶೂ. ಕೈಯನ್ನು ಕಾಯುವುದು. ಹೊಲಿದವಳು ಮಾರ್ಥೆ ಊಲಿಗ್.”
ಅಮ್ಮ ಜೀವಮಾನವಿಡೀ ಹೊಲಿದಳು. ಒಂದು ಗವಸಿನ ಮೇಲೂ ಅವಳ ಹೆಸರಿರಲಿಲ್ಲ, ಫ್ಯಾಕ್ಟರಿಯ ಮುದ್ರೆ ಅಷ್ಟೇ. ಈಗ ಇಷ್ಟು ದಪ್ಪ ಅಕ್ಷರ. ಅಮ್ಮಾ, ನೋಡೇ —